ಎರಡು ಟೇಪ್ ರೆಕಾರ್ಡರ್‌ಗಳ ನಡುವಿನ ಆರು ಸೆಕೆಂಡು

ಮೇಜಿನ ಮೇಲೆ ಅಕ್ಕಪಕ್ಕ ಎರಡು ಸ್ಪೂಲ್ ಟೇಪ್ ರೆಕಾರ್ಡರ್‌ಗಳು. ಎಡಗಡೆಯ ಯಂತ್ರದ ಎಡ ಸ್ಪೂಲಿನಲ್ಲಿ ಖಾಲಿ ಟೇಪು ತುಂಬಿದೆ. ಟೇಪು ಆ ಯಂತ್ರದ, ಸದ್ದನ್ನು ಬರೆಯುವ ಮತ್ತು ಓದುವ ಹೆಡ್‌ಗಳನ್ನು ದಾಟುತ್ತದೆ, ಆದರೆ ಅದರ ಬಲ ಸ್ಪೂಲಿಗೆ ಸುತ್ತಿಕೊಳ್ಳುವುದಿಲ್ಲ. ಬಟ್ಟೆ ಒಣಹಾಕುವ ಹಗ್ಗದ ಹಾಗೆ ಗಾಳಿಯಲ್ಲಿ ಸಾಗಿ, ಎರಡನೆಯ ಯಂತ್ರದ ಹೆಡ್‌ಗಳನ್ನು ಸವರಿ, ಅಲ್ಲಿನ ಬಲ ಸ್ಪೂಲಿಗೆ ಸುತ್ತಿಕೊಳ್ಳುತ್ತದೆ. ಮೊದಲ ಯಂತ್ರ ಬರೆದದ್ದನ್ನು ಎರಡನೆಯದು ಕೆಲವು ಸೆಕೆಂಡು ತಡವಾಗಿ ಓದುತ್ತದೆ. ಓದಿದ್ದನ್ನು ಒಂದು ತಂತಿ ಎಳೆದು ಮತ್ತೆ ಮೊದಲ ಯಂತ್ರಕ್ಕೇ ಕೊಟ್ಟರೆ, ನುಡಿಸಿದ ಸ್ವರ ಸುತ್ತಿ ಸುತ್ತಿ ಬರುತ್ತದೆ. ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು.

1972ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ರಾಕ್ ತಂಡ ಕಿಂಗ್ ಕ್ರಿಮ್ಸನ್‌ನ ರಾಬರ್ಟ್ ಫ್ರಿಪ್ ತನ್ನ ಗಿಟಾರ್ ತೆಗೆದುಕೊಂಡು ಲಂಡನ್ನಿನಲ್ಲಿ ಸಂಗೀತಗಾರ ಬ್ರಯಾನ್ ಈನೋ ಮನೆಗೆ ಹೋದಾಗ ಅಲ್ಲಿ ಸಿದ್ಧವಾಗಿದ್ದದ್ದು ಇದೇ ಜೋಡಣೆ. ಆ ದಿನ ಹುಟ್ಟಿದ ಇಪ್ಪತ್ತೊಂದು ನಿಮಿಷದ ವಾದನ ಮರುವರ್ಷ ಬಂದ ‘ನೋ ಪುಸಿಫೂಟಿಂಗ್’ ಆಲ್ಬಂನ ಒಂದು ಇಡೀ ಬದಿಯನ್ನು ತುಂಬಿತು. ಜೋಡಣೆ ಮಾತ್ರ ಅವರಿಬ್ಬರದ್ದಲ್ಲ. ಒಂಬತ್ತು ವರ್ಷ ಮೊದಲು, 1963ರಲ್ಲಿ, ಅಮೆರಿಕದ ಸಂಯೋಜಕ ಟೆರ್ರಿ ರೈಲಿ ಪ್ಯಾರಿಸ್ಸಿನಲ್ಲಿ ಒಂದು ನಾಟಕಕ್ಕೆ ಸಂಗೀತ ಕಟ್ಟುತ್ತಿದ್ದರು. ಟ್ರಂಪೆಟ್ ವಾದಕ ಚೆಟ್ ಬೇಕರ್ ನುಡಿಸಿದ್ದನ್ನು ಮತ್ತೆ ಮತ್ತೆ ಮರಳಿಸುವ ಒಂದು ಪ್ರತಿಧ್ವನಿ ಬೇಕು ಎಂದು ರೈಲಿ ಕೇಳಿದಾಗ, ಫ್ರೆಂಚ್ ರೇಡಿಯೋದ ಎಂಜಿನಿಯರೊಬ್ಬರು ಎರಡು ಯಂತ್ರಗಳ ನಡುವೆ ಒಂದೇ ಟೇಪು ಹಾಯಿಸಿ ಕೊಟ್ಟರು. ರೈಲಿ ಅದನ್ನು ‘ಟೈಮ್ ಲ್ಯಾಗ್ ಅಕ್ಯುಮ್ಯುಲೇಟರ್’ ಎಂದು ಕರೆದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಂಯೋಜಕಿ ಪಾಲೀನ್ ಒಲಿವೆರೋಸ್ ಕೂಡ ಇದೇ ದಾರಿಯಲ್ಲಿ ದುಡಿದವರು.

ಪ್ರೋಗ್ರೆಸಿವ್ ರಾಕ್ ಮೇಲೆ, ಎಂದರೆ ಉದ್ದನೆಯ, ಸಂಕೀರ್ಣ ರಚನೆಗಳ ರಾಕ್ ಮೇಲೆ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಪ್ರಭಾವ ಎಂದಾಕ್ಷಣ ಎಲ್ಲರ ಬಾಯಿಗೆ ಬರುವುದು ಎಮರ್ಸನ್, ಲೇಕ್ ಅಂಡ್ ಪಾಮರ್ ತಂಡ, ಅವರು ನುಡಿಸಿದ ರಷ್ಯದ ಸಂಯೋಜಕ ಮುಸೋರ್ಗ್‌ಸ್ಕಿಯ ಕೃತಿ. ಅದು ಕೃತಿಯನ್ನು ಎತ್ತಿಕೊಂಡ ಕಥೆ. ಇಪ್ಪತ್ತನೆಯ ಶತಮಾನದ ಪ್ರಯೋಗಶೀಲ ಸಂಯೋಜಕರಿಂದ, ಅವಾಂ ಗಾರ್ಡ್ ಎಂದು ಹೆಸರಾದವರಿಂದ, ರಾಕ್ ತಂಡಗಳು ಪಡೆದ ದೊಡ್ಡ ಸಾಲ ಕೆಲಸದ ವಿಧಾನಗಳದ್ದು: ಟೇಪನ್ನು ಹೇಗೆ ಕತ್ತರಿಸಬೇಕು, ಹೇಗೆ ಸುತ್ತಿಸಬೇಕು, ಉದ್ದಗಳನ್ನು ಹೇಗೆ ಎಣಿಸಬೇಕು ಎನ್ನುವುದು. ಇದು ಕಿವಿಗೆ ತಕ್ಷಣ ಸಿಗುವುದಿಲ್ಲ, ಆದ್ದರಿಂದಲೇ ಇದರ ಬಗ್ಗೆ ಬರೆದದ್ದೂ ಕಡಿಮೆ.

ಮೊದಲು ಆ ಎರಡು ಯಂತ್ರಗಳ ಲೆಕ್ಕವನ್ನೇ ನೋಡೋಣ. ರೀವಾಕ್ಸ್ ಎ77 ಎಂಬ ಟೇಪ್ ರೆಕಾರ್ಡರ್ ಮಾದರಿಯಲ್ಲಿ ಎರಡು ವೇಗಗಳಿದ್ದವು: ಸೆಕೆಂಡಿಗೆ 9.5 ಸೆಂಟಿಮೀಟರ್ ಮತ್ತು 19 ಸೆಂಟಿಮೀಟರ್. ಮೊದಲ ಯಂತ್ರದ ರೆಕಾರ್ಡ್ ಹೆಡ್ಡಿನಿಂದ ಎರಡನೆಯದರ ಪ್ಲೇ ಹೆಡ್ಡಿನವರೆಗೆ ಟೇಪಿನ ದಾರಿ 114 ಸೆಂಟಿಮೀಟರ್ ಇದ್ದರೆ, 19ರ ವೇಗದಲ್ಲಿ ವಿಳಂಬ ಸರಿಯಾಗಿ ಆರು ಸೆಕೆಂಡು. ವೇಗ ಅರ್ಧಕ್ಕೆ ಇಳಿಸಿದರೆ ಹನ್ನೆರಡು ಸೆಕೆಂಡು, ಆದರೆ ತಾರ ನಾದಗಳು ಮಂಕಾಗುತ್ತವೆ, ಹಿಸ್ಸೆನ್ನುವ ಟೇಪಿನ ಸದ್ದು ಏರುತ್ತದೆ. ಲಯವಿಟ್ಟು ನುಡಿಸುವವರು ಈ ಆರು ಸೆಕೆಂಡಿಗೆ ಒಗ್ಗಬೇಕು. ನಿಮಿಷಕ್ಕೆ 80 ಪೆಟ್ಟಿನ ನಡೆಯಲ್ಲಿ ಆರು ಸೆಕೆಂಡೆಂದರೆ ಎಂಟು ಪೆಟ್ಟು, ನಮ್ಮ ಲೆಕ್ಕದಲ್ಲಿ ಆದಿತಾಳದ ಒಂದು ಆವರ್ತನ. ಯಂತ್ರವನ್ನು ಹತ್ತು ಸೆಂಟಿಮೀಟರ್ ಆಚೆ ಸರಿಸಿದರೆ ವಿಳಂಬ ಸುಮಾರು ಅರ್ಧ ಸೆಕೆಂಡು ಹೆಚ್ಚಿ, ಮರಳಿ ಬರುವ ಸ್ವರ ಎರಡು ಪೆಟ್ಟುಗಳ ನಡುವೆ ಬೀಳುತ್ತದೆ. ಅದಕ್ಕೇ ಹಲವರು ಪೆಟ್ಟನ್ನೇ ಬಿಟ್ಟು ಉದ್ದ ಸ್ವರಗಳಿಗೆ ಶರಣಾದರು. ಫ್ರಿಪ್ ಸ್ವರವನ್ನು ಒರಟಾಗಿಸಿ ಉದ್ದಕ್ಕೆ ನಿಲ್ಲಿಸುವ ಫಜ್ ಪೆಡಲ್ ಹಾಕಿ ಗಿಟಾರಿನ ಸ್ವರವನ್ನು ಪಿಟೀಲಿನ ಕಮಾನಿನಂತೆ ಎಳೆದದ್ದಕ್ಕೆ ಇಲ್ಲಿ ಪ್ರಾಯೋಗಿಕ ಪ್ರಯೋಜನವೂ ಇದೆ. ಮೀಟಿನ ಸದ್ದು ಕೇಳಿಸಿದರೆ ಸುತ್ತಿನ ಗಂಟು ಎಲ್ಲಿದೆ ಎಂದು ಗೊತ್ತಾಗಿಬಿಡುತ್ತದೆ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಮರಳಿ ಕೊಡುವ ಧ್ವನಿಯ ಪ್ರಮಾಣ. ಅರ್ಧದಷ್ಟು ಕೊಟ್ಟರೆ ನಾಲ್ಕು ಸುತ್ತಿನಲ್ಲಿ, ಎಂದರೆ 24 ಸೆಕೆಂಡಿನಲ್ಲಿ, ಸ್ವರ ಹದಿನಾರನೇ ಒಂದು ಭಾಗಕ್ಕೆ ಕುಗ್ಗುತ್ತದೆ. ಅದು ಬರೀ ಪ್ರತಿಧ್ವನಿ. ಶೇಕಡಾ 80 ಕೊಟ್ಟರೆ ಒಂದು ನಿಮಿಷದಲ್ಲಿ ಹತ್ತು ಸುತ್ತು ಮುಗಿದು, ಸ್ವರ ಸುಮಾರು ಹತ್ತನೇ ಒಂದು ಭಾಗಕ್ಕೆ ಬಂದಿರುತ್ತದೆ. ಪದರಗಳು ಕಟ್ಟುವುದು ಇಲ್ಲಿ. ನೂರಕ್ಕೆ ನೂರು ಕೊಟ್ಟರೆ ಏನೂ ಸಾಯುವುದಿಲ್ಲ, ಟೇಪಿನ ಹಿಸ್ ಸದ್ದು ಕೂಡ. ಪ್ರತಿ ಸುತ್ತಿಗೂ ಅದು ಒಂದು ಪದರ ಬೆಳೆದು ಕೊನೆಗೆ ಮಳೆಯ ಸದ್ದಿನಂತೆ ಎಲ್ಲವನ್ನೂ ಮುಚ್ಚುತ್ತದೆ. ನೂರು ದಾಟಿದರೆ ಕೆಲವೇ ಸುತ್ತಿನಲ್ಲಿ ಕಿರುಚಾಟ. ಹಾಗಾಗಿ ನುಡಿಸುವವನಷ್ಟೇ ಮುಖ್ಯ ಆ ಗುಂಡಿಯ ಮೇಲೆ ಕೈಯಿಟ್ಟು ಕೂತವನು. ಆ ಇಪ್ಪತ್ತೊಂದು ನಿಮಿಷದಲ್ಲಿ ಈನೋ ಅವರ ವಾದ್ಯ ಯಾವುದು ಎಂದು ಕೇಳುವವರಿಗೆ ಉತ್ತರ ಇದೇ.

ಟೇಪಿನ ಬಿಗಿತ ಇನ್ನೊಂದು ತಲೆನೋವು. ಎರಡು ಯಂತ್ರಗಳ ವೇಗ ಕೂದಲೆಳೆಯಷ್ಟು ಬೇರೆಯಿದ್ದರೂ ಸಾಕು. ಎರಡನೆಯದು ನಿಧಾನವಾದರೆ ನಡುವೆ ಟೇಪು ಜೋತುಬಿದ್ದು ವಿಳಂಬ ತಾನಾಗಿಯೇ ಉದ್ದವಾಗುತ್ತ ಹೋಗುತ್ತದೆ. ಬೇಗವಾದರೆ ಟೇಪು ಎಳೆದುಕೊಂಡು ಶ್ರುತಿ ಅಲುಗುತ್ತದೆ. ಒಂದೇ ಮಾದರಿಯ, ಒಂದೇ ಸ್ಥಿತಿಯ ಎರಡು ಯಂತ್ರ ಬೇಕಾಗುವುದು ಇದಕ್ಕೆ. ಅವಧಿಯ ಮಿತಿಯೂ ಉಂಟು: 1200 ಅಡಿಯ ಏಳು ಇಂಚಿನ ಸ್ಪೂಲು 19ರ ವೇಗದಲ್ಲಿ 32 ನಿಮಿಷಕ್ಕೆ ಖಾಲಿ.

ಈ ಯಂತ್ರದ ದೋಷವೇ ಅದರ ಸೊಗಸು ಕೂಡ ಹೌದು. ಪ್ರತಿ ಸುತ್ತಿನಲ್ಲಿ ಸ್ವರದ ಹೊಳಪು ಸ್ವಲ್ಪ ಸವೆಯುತ್ತದೆ. ಹೊಸ ಸ್ವರ ಎದುರಿಗೆ ನಿಂತಂತೆ ಸ್ಪಷ್ಟ, ಹಳೆಯದು ಮಸುಕಾಗಿ ಹಿಂದೆ ಸರಿದಂತೆ. ಇವತ್ತಿನ ಡಿಜಿಟಲ್ ಲೂಪ್ ಪೆಡಲ್‌ಗಳು ಹತ್ತನೆಯ ಸುತ್ತನ್ನೂ ಮೊದಲನೆಯದರಷ್ಟೇ ಚೊಕ್ಕವಾಗಿ ಕೊಡುತ್ತವೆ, ಅದಕ್ಕೇ ಅವುಗಳಲ್ಲಿ ಕಟ್ಟಿದ ಪದರಗಳು ಗೋಡೆಗೆ ಅಂಟಿಸಿದ ಕಾಗದದಂತೆ ಚಪ್ಪಟೆ. ಪೆಡಲಿನಲ್ಲಿ ತಾರ ನಾದ ಇಳಿಸುವ ಗುಂಡಿಯಿದ್ದರೆ ಅದನ್ನು ಮರಳುವ ದಾರಿಗೆ ಹಾಕಬೇಕು, ಮುಖ್ಯ ದಾರಿಗೆ ಹಾಕಬಾರದು.

ನುಡಿಸಿದ್ದೆಲ್ಲ ಉಳಿಯುವ ಕಡೆ ಸ್ವರಗಳ ಆಯ್ಕೆಯಲ್ಲೂ ಸಂಯಮ ಬೇಕು. ಅರ್ಧ ಸ್ವರದ ಅಂತರದ ಎರಡು ಸ್ವರಗಳನ್ನು ಯೋಚಿಸದೆ ಹಾಕಿದರೆ ಆ ಘರ್ಷಣೆ ನಿಮಿಷಗಟ್ಟಲೆ ಇರುತ್ತದೆ. ಶ್ರುತಿ ಬದಲಿಸಬೇಕೆಂದರೆ ಎಲ್ಲ ಕರಗುವವರೆಗೆ ಕಾಯಬೇಕು. ಹೀಗಾಗಿ ಈ ಯಂತ್ರ ನುಡಿಸುವವರನ್ನು ಒಂದೇ ಆಧಾರ ಶ್ರುತಿ, ಒಂದೇ ಸ್ವರಗುಚ್ಛದ ಕಡೆಗೆ ತಳ್ಳುತ್ತದೆ. ಅಲ್ಲಿ ನಮಗೆ ಗುರುತಿನ ಒಂದು ಬಾಗಿಲಿದೆ. ರೈಲಿ 1970ರಲ್ಲಿ ಪಂಡಿತ್ ಪ್ರಾಣನಾಥರ ಶಿಷ್ಯರಾದರು. ಪ್ರಾಣನಾಥರು ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರಿಂದ ಕಲಿತವರು. ಅದೇ ಘರಾಣೆಯ ಇನ್ನೊಂದು ಕವಲು ಅಬ್ದುಲ್ ಕರೀಂ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರಿಗೆ ಹರಿಯಿತು. ಒಂದು ಸ್ವರದ ಮೇಲೆ ನಿಂತು ಅದನ್ನು ತುಂಬ ಹೊತ್ತು ಬೆಳೆಸುವ ಕಿರಾಣಾದ ಆಲಾಪವನ್ನು ಧಾರವಾಡದ ಕಡೆಯ ಕಿವಿಗಳಿಗೆ ವಿವರಿಸಬೇಕಾಗಿಲ್ಲ. ರೈಲಿಯ ಯಂತ್ರ ಅವರ ಗುರುವಿಗಿಂತ ಮೊದಲೇ ಇತ್ತು, ಆದ್ದರಿಂದ ಒಂದು ಇನ್ನೊಂದರಿಂದ ಹುಟ್ಟಿತು ಎನ್ನುವಂತಿಲ್ಲ. ಯಂತ್ರ ಕಲಿಸಿದ್ದ ತಾಳ್ಮೆಗೆ ಗುರು ಸಿಕ್ಕರು ಎನ್ನಬಹುದು.

ರೈಲಿಯ ದಾರಿ ರಾಕ್‌ಗೆ ತಲುಪಿದ್ದು ಫ್ರಿಪ್ ಒಬ್ಬರಿಂದಲೇ ಅಲ್ಲ. ಪ್ಯಾರಿಸ್ಸಿನಲ್ಲಿ ಅವರ ಜೊತೆ ಟೇಪಿನ ಕೆಲಸ ಕಲಿತ ಆಸ್ಟ್ರೇಲಿಯದ ಡೇವಿಡ್ ಆಲೆನ್ ಮುಂದೆ 1966ರಲ್ಲಿ ಸಾಫ್ಟ್ ಮೆಷೀನ್ ತಂಡದ ಸ್ಥಾಪಕರಲ್ಲೊಬ್ಬರು. ಆಲೆನ್ ತಂಡ ಬಿಟ್ಟ ಮೇಲೂ ಆ ಗುಂಗು ಉಳಿಯಿತು: 1970ರ ‘ಥರ್ಡ್’ ಆಲ್ಬಂನ ಕೊನೆಯ ಬದಿಯ ಆರಂಭದಲ್ಲಿ ಮೈಕ್ ರಾಟ್ಲೆಡ್ಜ್ ಕೀಬೋರ್ಡಿನ ಪದರಗಳು ಒಂದರೊಳಗೊಂದು ಸುತ್ತುವುದನ್ನು ಕೇಳಿದರೆ, ರೈಲಿಯ ‘ಎ ರೇನ್‌ಬೋ ಇನ್ ಕರ್ವ್ಡ್ ಏರ್’ ತಾನಾಗಿ ನೆನಪಾಗುತ್ತದೆ. ಆ ಹೆಸರಿನಿಂದಲೇ ಕರ್ವ್ಡ್ ಏರ್ ಎಂಬ ಇನ್ನೊಂದು ತಂಡ ಹುಟ್ಟಿತು.

ಟೇಪನ್ನು ಸುತ್ತಿಸುವುದು ಒಂದು ವಿದ್ಯೆ, ಕತ್ತರಿಸುವುದು ಇನ್ನೊಂದು. ಫ್ರಾನ್ಸಿನ ಸಂಯೋಜಕ ಪಿಯೆರ್ ಶೆಫರ್ 1948ರಲ್ಲಿ ಪ್ಯಾರಿಸ್ ರೇಡಿಯೋದಲ್ಲಿ ರೈಲಿನ ಸದ್ದು, ಪಾತ್ರೆಗಳ ಸದ್ದುಗಳಿಂದ ಸಂಗೀತ ಕಟ್ಟಿದಾಗ ಅವರ ಬಳಿ ಟೇಪು ಇರಲಿಲ್ಲ. ಗ್ರಾಮಫೋನ್ ತಟ್ಟೆಯ ಗೆರೆಯನ್ನು ಮುಚ್ಚಿದ ವೃತ್ತವಾಗಿ ಕೊರೆದು ಸದ್ದು ಮರುಕಳಿಸುವಂತೆ ಮಾಡಿದ್ದರು. ಟೇಪು ಬಂದ ಮೇಲೆ ಬ್ಲೇಡು ಮತ್ತು ಅಳತೆಪಟ್ಟಿ ವಾದ್ಯಗಳಾದವು. ರಾಕ್‌ನಲ್ಲಿ ಆ ವಿದ್ಯೆಯ ಅತಿ ಜನಪ್ರಿಯ ಉದಾಹರಣೆ ಪಿಂಕ್ ಫ್ಲಾಯ್ಡ್ 1973ರಲ್ಲಿ ಹೊರತಂದ ‘ಮನಿ’ ಹಾಡಿನ ಆರಂಭ. ಹಾಡು ಇಷ್ಟವಿಲ್ಲದವರಿಗೂ ಆ ನಾಣ್ಯಗಳ ಸದ್ದು ಗೊತ್ತು.

ತಂಡದ ರೋಜರ್ ವಾಟರ್ಸ್ ತಮ್ಮ ಮನೆಯ ತೋಟದ ಕೋಣೆಯಲ್ಲಿ, ಕುಂಬಾರಿಕೆ ಮಾಡುತ್ತಿದ್ದ ಹೆಂಡತಿಯ ದೊಡ್ಡ ಬೋಗುಣಿಯೊಂದಕ್ಕೆ ನಾಣ್ಯ ಎಸೆದು ಧ್ವನಿಮುದ್ರಿಸಿಕೊಂಡರು. ಅದರ ಜೊತೆ ಕಾಗದ ಹರಿಯುವ ಸದ್ದು, ಗಲ್ಲಾಪೆಟ್ಟಿಗೆಯ ಸದ್ದು. ಒಟ್ಟು ಏಳು ಪೆಟ್ಟು, ಏಳು ತುಂಡು ಟೇಪು. ಪ್ರತಿ ತುಂಡನ್ನೂ ಅಳತೆಪಟ್ಟಿ ಇಟ್ಟು ಒಂದೇ ಉದ್ದಕ್ಕೆ ಕತ್ತರಿಸಿ, ಸಾಲಾಗಿ ಅಂಟಿಸಿ, ಎರಡು ತುದಿ ಸೇರಿಸಿ ಬಳೆಯಂತೆ ಮಾಡಿದ್ದು. ಸ್ಟುಡಿಯೋ ಯಂತ್ರದ ವೇಗ ಸೆಕೆಂಡಿಗೆ 38 ಸೆಂಟಿಮೀಟರ್, ಹಾಡಿನ ನಡೆ ಲೆಕ್ಕಕ್ಕೆ ಸುಲಭವಾಗಲೆಂದು ನಿಮಿಷಕ್ಕೆ 120 ಎಂದಿಟ್ಟುಕೊಳ್ಳಿ. ಒಂದು ಪೆಟ್ಟು ಅರ್ಧ ಸೆಕೆಂಡು, ಎಂದರೆ 19 ಸೆಂಟಿಮೀಟರ್ ಟೇಪು. ಏಳಕ್ಕೆ 133. ಒಂದು ತುಂಡು ಒಂದು ಸೆಂಟಿಮೀಟರ್ ಹೆಚ್ಚುಕಡಿಮೆಯಾದರೆ 26 ಮಿಲಿಸೆಕೆಂಡಿನ ವ್ಯತ್ಯಾಸ. ಒಂದು ಸಲ ಕೇಳಿದರೆ ಗೊತ್ತಾಗದೆ ಇರಬಹುದು, ಸುತ್ತಿ ಸುತ್ತಿ ಬಂದಾಗ ಕುಂಟು ನಡೆ ಎದ್ದು ಕಾಣುತ್ತದೆ.

ಈ ಕೆಲಸವನ್ನು ಟೇಪಿನಲ್ಲೇ ಮಾಡಿ ನೋಡುವವರು ಸಾಮಾನ್ಯವಾಗಿ ಎಡವುವುದು ಉದ್ದದಲ್ಲಲ್ಲ, ಸದ್ದಿನ ಆರಂಭವನ್ನು ಗುರುತಿಸುವುದರಲ್ಲಿ. ನಾಣ್ಯದ ಚೀಲ ಬೀಳುವ ಸದ್ದಿಗೆ ಮೊದಲು ಬಟ್ಟೆಯ ಸರಸರ ಇರುತ್ತದೆ. ತುಂಡನ್ನು ಸರಸರದಿಂದ ಅಳೆದರೆ ಪೆಟ್ಟು ತಡವಾಗಿ ಬೀಳುತ್ತದೆ. ಸ್ಪೂಲುಗಳನ್ನು ಕೈಯಿಂದ ಹಿಂದೆ ಮುಂದೆ ಆಡಿಸುತ್ತ, ಪ್ಲೇ ಹೆಡ್ಡಿನ ಎದುರಿಗೇ ಪೆಟ್ಟಿನ ಮೊನೆಯನ್ನು ಹುಡುಕಿ, ಟೇಪಿನ ಹಿಂಬದಿಗೆ ಮೇಣದ ಪೆನ್ಸಿಲಿನಿಂದ ಗುರುತು ಹಾಕಿ, ಅಲ್ಲಿಂದ ಅಳೆಯಬೇಕು. ಕತ್ತರಿಸುವುದು 45 ಡಿಗ್ರಿ ಓರೆಯಲ್ಲಿ. ಕಾಲು ಇಂಚಿನ ಟೇಪಿನಲ್ಲಿ ಈ ಓರೆ 38ರ ವೇಗಕ್ಕೆ ಸುಮಾರು 17 ಮಿಲಿಸೆಕೆಂಡು ಆಗುತ್ತದೆ, ಅಷ್ಟರಲ್ಲಿ ಒಂದು ಸದ್ದು ಇನ್ನೊಂದಕ್ಕೆ ಜಾರಿಬಿಡುತ್ತದೆ. ನೇರ ಕತ್ತರಿಸಿದರೆ ಪೆಟ್ಟು ಹರಿತ, ಆದರೆ ‘ಟಕ್’ ಎನ್ನುವ ಸಂಭವ ಹೆಚ್ಚು. ಬ್ಲೇಡಿಗೆ ಕಾಂತತ್ವ ಅಂಟಿಕೊಂಡಿದ್ದರೆ ಓರೆಯಲ್ಲೂ ಟಕ್ ಎನ್ನುತ್ತದೆ. ಅಂಟುಪಟ್ಟಿ ಯಾವಾಗಲೂ ಟೇಪಿನ ಹಿಂಬದಿಗೆ, ಅಂಚಿನಾಚೆ ಒಂದು ಎಳೆಯೂ ಚಾಚದಂತೆ. ಚಾಚಿದರೆ ಆ ಅಂಟು ಹೆಡ್ಡಿಗೆ ಹತ್ತಿ ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ ಟೇಪು ತಡವರಿಸುತ್ತದೆ.

ಈ ಬಳೆಯನ್ನು ಅಲಂಕಾರಕ್ಕೆ ಹಾಕಿದ್ದಲ್ಲ ಎಂಬುದನ್ನು ಗಮನಿಸಬೇಕು. ತಂಡ ಅದನ್ನು ಕೇಳುತ್ತ ಅದರ ನಡೆಗೆ ನುಡಿಸಿತು, ಆಮೇಲೆ ಅದನ್ನು ಮೆಲ್ಲಗೆ ಇಳಿಸಲಾಯಿತು. ಶೆಫರ್ ಹುಡುಕಿದ ಸದ್ದಿನ ವಸ್ತು ಇಲ್ಲಿ ತಾಳ ಹಾಕುವ ಕೈಯಾಯಿತು. ಏಳರ ನಡೆಯನ್ನು ಕೋಟಿಗಟ್ಟಲೆ ಜನ ತಲೆದೂಗಿ ಕೇಳಿದ್ದು ಈ ನಾಣ್ಯಗಳ ದೆಸೆಯಿಂದ.

ಜರ್ಮನಿಯಲ್ಲಿ ಗುರುಶಿಷ್ಯ ಸಂಬಂಧ ನೇರವಾದದ್ದು. ಕ್ಯಾನ್ ತಂಡದ ಹೋಲ್ಗರ್ ಚೂಕೈ, ಇರ್ಮಿನ್ ಶ್ಮಿಟ್ ಇಬ್ಬರೂ ಕಲೋನಿನಲ್ಲಿ ಪ್ರಯೋಗಶೀಲ ಸಂಯೋಜಕ ಸ್ಟಾಕ್‌ಹೌಸೆನ್ ಬಳಿ ಕಲಿತವರು. 1971ರ ‘ತಾಗೊ ಮಾಗೊ’ಗೆ ತಂಡ ಗಂಟೆಗಟ್ಟಲೆ ಮನೋಧರ್ಮದಿಂದ ನುಡಿಸಿತು, ಚೂಕೈ ಅದನ್ನು ಎರಡೇ ಟ್ರ್ಯಾಕಿನಲ್ಲಿ ಹಿಡಿದು, ಬ್ಲೇಡಿನಿಂದ ಕೃತಿ ರೂಪಿಸಿದರು. ಎರಡೇ ಟ್ರ್ಯಾಕು ಎಂದರೆ ಆಮೇಲೆ ಡ್ರಮ್ ಇಳಿಸಿ ಹಾಡುಗಾರಿಕೆ ಏರಿಸುವ ಅವಕಾಶವೇ ಇಲ್ಲ. ಎರಡು ಭಾಗಗಳನ್ನು ಜೋಡಿಸಬೇಕಾದರೆ ನಡೆ ಎರಡರಲ್ಲೂ ಒಂದೇ ಇರಬೇಕು. ಯಾಕಿ ಲೀಬೆಟ್ಸೈಟ್ ಅಷ್ಟು ಸ್ಥಿರವಾಗಿ ಡ್ರಮ್ ನುಡಿಸದೆ ಇದ್ದಿದ್ದರೆ ಹದಿನೆಂಟು ನಿಮಿಷದ ‘ಹಲ್ಲೆಲೂವಾ’ ಕತ್ತರಿಸಿ ಕೂಡಿಸಲು ಆಗುವ ವಸ್ತುವೇ ಆಗುತ್ತಿರಲಿಲ್ಲ. ಸಂಯೋಜಕನ ಬ್ಲೇಡಿಗೆ ಡ್ರಮ್ಮರ್‌ನ ಕೈ ಆಧಾರ.

ಕೃತಿಯನ್ನೇ ಎತ್ತಿಕೊಂಡವರ ಪೈಕಿ ನನ್ನ ಮೆಚ್ಚುಗೆ ಒಂದಕ್ಕೆ ಮೀಸಲು. ಎಮರ್ಸನ್, ಲೇಕ್ ಅಂಡ್ ಪಾಮರ್ ತಂಡ 1970ರಲ್ಲಿ ಹಂಗೇರಿಯ ಸಂಯೋಜಕ ಬಾರ್ಟೋಕನ ‘ಅಲ್ಲೆಗ್ರೊ ಬಾರ್ಬರೊ’ ಎಂಬ ಪಿಯಾನೋ ಕೃತಿಯನ್ನು ‘ದಿ ಬಾರ್ಬೇರಿಯನ್’ ಮಾಡಿದಾಗ ಅದು ಹುರುಪಿನ ರೂಪಾಂತರ, ಅಷ್ಟೇ. 1973ರ ‘ಟೊಕಾಟಾ’ ಬೇರೆ ಮಟ್ಟದ್ದು. ಅರ್ಜೆಂಟೀನದ ಆಲ್ಬರ್ಟೊ ಜಿನಾಸ್ಟೆರಾ 1961ರಲ್ಲಿ ಬರೆದ ಮೊದಲ ಪಿಯಾನೋ ಕನ್ಚೆರ್ಟೊದ ನಾಲ್ಕನೆಯ ಭಾಗ ಅದರ ಮೂಲ. ಕೀತ್ ಎಮರ್ಸನ್ ಜಿನೀವಾಕ್ಕೆ ಹೋಗಿ ಸಂಯೋಜಕರಿಗೇ ಟೇಪು ಕೇಳಿಸಿ ಒಪ್ಪಿಗೆ ಪಡೆದರು. ಮೂಲದಲ್ಲಿ ಪಿಯಾನೋ ತಾಳವಾದ್ಯದಂತೆ ಬಡಿಯುತ್ತದೆ, ಆರ್ಕೆಸ್ಟ್ರಾ ಅದಕ್ಕೆ ತಿರುಗಿ ಬಡಿಯುತ್ತದೆ. ಮೂರೇ ಜನರಿಗೆ ಆ ಆರ್ಕೆಸ್ಟ್ರಾ ಎಲ್ಲಿಂದ ಬರಬೇಕು? ಹಿತ್ತಾಳೆ ವಾದ್ಯಗಳ ಪಾಲು ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಮೂಗ್ ಸಿಂಥಸೈಜರಿಗೆ ಹೋಯಿತು, ಕಾರ್ಲ್ ಪಾಮರ್ ಟಿಂಪನಿ ಎಂಬ ದೊಡ್ಡ ನಗಾರಿಗಳ ಜೊತೆಗೆ, ಹೊಡೆದರೆ ಸಿಂಥಸೈಜರ್ ಮೊಳಗುವ ಡ್ರಮ್‌ಗಳನ್ನು ಇಟ್ಟುಕೊಂಡರು. ಆ ಡ್ರಮ್ ಭಾಗ ಮೂಲದಲ್ಲಿಲ್ಲ. ಆದರೂ ಅದು ಜಿನಾಸ್ಟೆರಾನ ತರ್ಕವನ್ನೇ ಮುಂದುವರಿಸುತ್ತದೆ: ಸ್ವರವಾದ್ಯ ಬಡಿಯಬಹುದಾದರೆ, ಬಡಿಯುವ ವಾದ್ಯ ಏಕೆ ಸ್ವರ ಹೇಳಬಾರದು?

ಆ ಪ್ರಶ್ನೆಯ ಹಿಂದೆ ಇನ್ನೂ ಹಳೆಯವರೊಬ್ಬರಿದ್ದಾರೆ, ಸಂಯೋಜಕ ಎಡ್ಗಾರ್ ವರೇಸ್. ಹದಿಮೂರು ತಾಳವಾದ್ಯಗಾರರಿಗೆ, ಎರಡು ಸೈರನ್ ಸೇರಿಸಿ ಅವರು ಬರೆದ ‘ಅಯೊನೈಸೇಶನ್’ 1933ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ಪ್ರದರ್ಶನ ಕಂಡಿತು. ಹುಡುಗನಾಗಿದ್ದಾಗಲೇ ವರೇಸ್ ತಟ್ಟೆ ಕೊಂಡು ಸವೆಯುವ ತನಕ ಕೇಳಿದ ಅಮೆರಿಕದ ರಾಕ್ ಸಂಗೀತಗಾರ ಫ್ರಾಂಕ್ ಝಾಪಾ, 1983ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವರೇಸ್ ಜನ್ಮ ಶತಮಾನೋತ್ಸವ ಕಛೇರಿಯಲ್ಲಿ ಅದೇ ಕೃತಿಯನ್ನು ನಿಂತು ನಡೆಸಿದರು. ಝಾಪಾ ಪ್ರೋಗ್ರೆಸಿವ್ ರಾಕ್ ಹೌದೋ ಅಲ್ಲವೋ ಎಂಬ ವಾದಕ್ಕೆ ಇಲ್ಲಿ ಹೋಗುವುದಿಲ್ಲ.

ಇನ್ನು ಎಣಿಕೆ. ಬಾರ್ಟೋಕ್ ‘ಮಿಕ್ರೊಕಾಸ್ಮಸ್’ನ ಕೊನೆಯಲ್ಲಿ ಬಲ್ಗೇರಿಯದ ಲಯಗಳ ಆರು ಕುಣಿತಗಳನ್ನಿಟ್ಟಿದ್ದಾನೆ. ಕೊನೆಯದರ ಎಂಟು ಅಕ್ಷರ 3, 3, 2 ಎಂದು ಒಡೆಯುತ್ತದೆ: ತಕಿಟ ತಕಿಟ ತಕ. ಕಿಂಗ್ ಕ್ರಿಮ್ಸನ್ 1973ರಲ್ಲಿ ನುಡಿಸಿದ ‘ಲಾರ್ಕ್ಸ್ ಟಂಗ್ಸ್ ಇನ್ ಆಸ್ಪಿಕ್’ ಎರಡನೆಯ ಭಾಗದ ಗಿಟಾರ್ ಹತ್ತಕ್ಷರದ್ದು: ತಕಿಟ ತಕಿಟ ತಕ ತಕ. ಖಂಡಚಾಪುವಿಗೆ ಒಗ್ಗಿದ ಕೈ ಇದನ್ನು ತಕ ತಕಿಟ ತಕ ತಕಿಟ ಎಂದು ಹಿಡಿಯಲು ಹೋಗಿ ತಪ್ಪುತ್ತದೆ. ಇಲ್ಲಿ ಉದ್ದದವು ಎರಡೂ ಮೊದಲೇ ಬಂದುಬಿಡುವುದರಿಂದ ಪ್ರತಿ ಸುತ್ತಿನ ಕೊನೆ ಓಡಿದಂತೆ ಕೇಳುತ್ತದೆ. ಆ ಓಟವೇ ಈ ಕೃತಿಯ ಒತ್ತಡ.

1981ಕ್ಕೆ ಬಂದರೆ ಎಣಿಕೆಯ ಗುರು ಬೇರೆ. ಅಮೆರಿಕದ ಸಂಯೋಜಕ ಸ್ಟೀವ್ ರೈಕ್ 1967ರ ‘ಪಿಯಾನೋ ಫೇಸ್’ನಲ್ಲಿ ಇಬ್ಬರು ಪಿಯಾನೋಗಾರರಿಗೆ ಹನ್ನೆರಡು ಸ್ವರದ ಒಂದೇ ಸಾಲು ಕೊಡುತ್ತಾರೆ. ಒಬ್ಬರು ನಡೆ ಬದಲಿಸುವುದಿಲ್ಲ. ಇನ್ನೊಬ್ಬರು ಬಹಳ ಮೆಲ್ಲಗೆ ವೇಗ ಏರಿಸಿ ಒಂದು ಸ್ವರದಷ್ಟು ಮುಂದೆ ಹೋಗಿ ನಿಲ್ಲುತ್ತಾರೆ. ಹನ್ನೆರಡು ಸಲ ಹೀಗಾದರೆ ಮತ್ತೆ ಒಂದಾಗುತ್ತಾರೆ. ಡ್ರಮ್ ಇರುವ ತಂಡದಲ್ಲಿ ಇದನ್ನು ಹಾಗೇ ತರಲಾಗದು. ಒಬ್ಬ ಗಿಟಾರಿಸ್ಟ್ ಮೆಲ್ಲಗೆ ವೇಗ ಏರಿಸಿದರೆ, ಡ್ರಮ್ಮಿನ ಎದುರು ಅದು ಲಯ ತಪ್ಪಿದಂತೆಯೇ ಕೇಳುತ್ತದೆ. ಕಿಂಗ್ ಕ್ರಿಮ್ಸನ್‌ನ 1981ರ ‘ಡಿಸಿಪ್ಲಿನ್’ ಆಲ್ಬಂನ ‘ಫ್ರೇಮ್ ಬೈ ಫ್ರೇಮ್’ನಲ್ಲಿ ಫ್ರಿಪ್ ಮತ್ತು ಏಡ್ರಿಯನ್ ಬೆಲೂ ಕಂಡುಕೊಂಡ ಪರಿಹಾರ ಸರಳ: ವೇಗವನ್ನು ಮುಟ್ಟಬೇಡ, ಉದ್ದ ಬದಲಿಸು. ಇಬ್ಬರೂ ಏಳರ ನಡೆಯಲ್ಲಿ ಹೊರಡುತ್ತಾರೆ. ಒಬ್ಬರು ಎರಡು ಏಳಕ್ಕೊಮ್ಮೆ ಕೊನೆಯ ಸ್ವರ ಬಿಡುತ್ತಾರೆ. ಒಂದು ಕಡೆ ಹದಿನಾಲ್ಕು, ಇನ್ನೊಂದು ಕಡೆ ಹದಿಮೂರು. ಪ್ರತಿ ಸುತ್ತಿಗೂ ಅಂತರ ಒಂದು ಸ್ವರ ಬೆಳೆಯುತ್ತದೆ, ಮಿಡಿತ ಮಾತ್ರ ಇಬ್ಬರಿಗೂ ಒಂದೇ.

ಗಿಟಾರ್ ಇಲ್ಲದೆಯೂ ಇದನ್ನು ಇಬ್ಬರು ಕೂತು ಬಾಯಲ್ಲೇ ಹೇಳಿ ನೋಡಬಹುದು. ಒಬ್ಬರು ‘ತಕಿಟ ತಕದಿಮಿ ತಕಿಟ ತಕದಿಮಿ’ ಎಂದು ಹೇಳುತ್ತಲೇ ಇರಬೇಕು. ಇನ್ನೊಬ್ಬರು ಅದನ್ನೇ ಹೇಳಿ ಕೊನೆಯ ‘ಮಿ’ ನುಂಗಿ ತಕ್ಷಣ ಮೊದಲಿಗೆ ಹೋಗಬೇಕು. ಪೂರ್ತಿ ಸುತ್ತಿ ಮತ್ತೆ ಕೂಡುವುದು 182 ಅಕ್ಷರಕ್ಕೆ: ಮೊದಲನೆಯವರದು ಹದಿಮೂರು ಸುತ್ತು, ಎರಡನೆಯವರದು ಹದಿನಾಲ್ಕು. ಮೊದಲ ಎರಡು ಮೂರು ಸುತ್ತಿನಲ್ಲಿ ಎರಡನೆಯವರ ನಾಲಿಗೆ ತಾನಾಗಿ ‘ಮಿ’ ಸೇರಿಸಿಬಿಡುತ್ತದೆ, ಅದು ಎಲ್ಲರಿಗೂ ಆಗುವುದೇ. ನಿಜವಾದ ಮೋಸ ಏಳನೆಯ ಸುತ್ತು ಮುಗಿದಾಗ. ಆಗ ಅಂತರ ಸರಿಯಾಗಿ ಏಳು. ಎರಡನೆಯವರ ಮೊದಲ ‘ತ’ ಮೊದಲನೆಯವರ ನಡುವಿನ ‘ತಕಿಟ’ದ ಮೇಲೆ ಬಂದು ಕೂರುತ್ತದೆ. ಬಾಯಿ ಎರಡೂ ಒಂದೇ ಮಾತಾಡುತ್ತವೆ, ಸಮಕ್ಕೆ ಬಂದೆವು ಎಂದು ಇಬ್ಬರಿಗೂ ಅನ್ನಿಸುತ್ತದೆ. ಅಲ್ಲಿ ನಿಲ್ಲಿಸಬಾರದು, ಇನ್ನೂ ಏಳು ಸುತ್ತು ಬಾಕಿ ಇರುತ್ತದೆ.